ಈಶಾನ್ಯಕ್ಕ ಹೋಗದ ನೀರು

ಮಳಿ ಶುರು ಆತು ಅಂದ್ರ ಎಲ್ಲಾರೂ ಮನಿ ಒಳಗ ಓಡತಾರ, ನಾ ಒಬ್ಬಾಕಿ ಹೊರಗ ಓಡತೀನಿ. ಹಿಂಗಂದ ಕೂಡ್ಲೆ ನನ್ನನ್ನ ಮಳ್ಯಾಗ ತೊಯ್ಸಿಕೊಂಡು ಕುಣಿಯೋ ರಸಿಕಳು ಅಂತ ತಿಳ್ಕೋಬ್ಯಾಡ್ರಿ. ಅಷ್ಟು ಭಾಗ್ಯ ನನ್ನ ಮೊಣಕಾಲಿಗಿಲ್ಲ. ನಾ ಹೋಗೋದು ನೀರು ಎತ್ತ ಹೊಂಟದ ಅಂತ ನೋಡ್ಲಿಕ್ಕೆ. ಹುಬ್ಬಳ್ಳಿಯ ನಮ್ಮ ಕಾಲನಿಯೊಳಗ ಒಂದು ಅಂಗೈಯಗಲದ ಉದ್ಯಾನ ಅದ. ಛತ್ರಿ ಹಿಡಕೊಂಡು ಅದರ ಮೂಲ್ಯಾಗ ನಿಂತು ಬಗ್ಗಿ ಬಗ್ಗಿ ನೋಡ್ತಿರ್ತೀನಿ. ಆ ಕಡೆಯಿಂದ ಓಡಿಕೋತ ಬಂದವರು "ಏನರೆ ಕಳಕೊಂಡ್ರೇನ್ರಿ ಬಾಯಾರ?" ಅಂತ ಕೇಳ್ತಾರ. ನಮ್ಮ ಯಜಮಾನರದಂತೂ ಒಂದೇ ಮಾತು: "ನೀರು ಎಲ್ಲಿ ಹೋಗಬೇಕೋ ಅಲ್ಲಿ ಹೋಗ್ತದ. ಬಸ್‌ಸ್ಟ್ಯಾಂಡಿಗೆ ಹೋಗಿ ಕಳಿಸಿದಂಗ ನೀ ಯಾಕ ಕಳಸ್ಲಿಕ್ಕೆ ಹೋಗ್ತಿ?"

ಅವರಿಗೇನು ಗೊತ್ತು! ಒಮ್ಮೆ ಹಂಗ ನೀರು ಕಳಸ್ಲಿಕ್ಕೆ ಹೋಗಿ ಒಬ್ಬಾಕಿ ಮನಿ ಗ್ವಾಡಿ ಬೀಳಿಸಿದಾಕಿ ನಾನು.

ಸವಣೂರಿನ ನಮ್ಮ ಓಣಿ ನಡುವ ಒಂದು ಹಕ್ಕಲ ಇತ್ತು. ಹಕ್ಕಲ ಅಂದ್ರ ಯಾರೂ ಮನಿ ಕಟ್ಟಲಾರದ ಖಾಲಿ ಜಾಗ. ಒಂದು ಬೇವಿನ ಗಿಡ, ಎರಡು ಪಾರಿಜಾತ, ಬೇಲಿಗುಂಟ ಕಣಗಲ, ನೆಲದ ತುಂಬ ಗರಕಿ. ಮುಂಜಾನೆ ಮಡಿ ಉಟ್ಟವರು ಹೂವು ಹರಕೊಳ್ಳಿಕ್ಕೆ ಬರ್ತಿದ್ರು, ಮಧ್ಯಾಹ್ನ ಆಡು ಬರ್ತಿದ್ವು, ಸಂಜಿಗೆ ಕುಂಟಾಬಿಲ್ಲಿ ಆಡ್ಲಿಕ್ಕೆ ನಾವು ಬರ್ತಿದ್ವಿ. ಈ ಹಕ್ಕಲ ತಮ್ಮದೇ ಅಂತ ಮೂರೂ ಕಡೆಯವರಿಗೆ ಖಾತ್ರಿ ಇತ್ತು, ಆಡುಗಳಿಗೆ ಒಂದು ಕೈ ಜಾಸ್ತೀನ ಇತ್ತು.

ಹಕ್ಕಲದ ಒಂದು ತುದಿಗೆ ನಮ್ಮ ಮನಿ. ಇನ್ನೊಂದು ತುದಿಗೆ, ತಗ್ಗಿನ್ಯಾಗ, ನಿಂಗವ್ವನ ಮಣ್ಣಿನ ಮನಿ. ನಿಂಗವ್ವ ಊರ ಹೊರಗಿನ ಎಲಿ ತೋಟದಾಗ ಕೆಲಸ ಮಾಡ್ತಿದ್ಲು. ವೀಳ್ಯದೆಲಿ ಬಳ್ಳಿಗೆ ನೀರು ಬಿಡೋದು ಆಕಿ ಕೆಲಸ. ಗಂಡ ತೀರಿಕೊಂಡಿದ್ದ, ಒಬ್ಬಾಕೇ ಮಗಳು ರೇಣವ್ವನ್ನ ಹಿರೇಕೆರೂರ ಕಡೆ ಕೊಟ್ಟಿದ್ಲು. ದಿನಾ ಮುಂಜಾನೆ ಹಸಿ ಬಟ್ಟಿಯೊಳಗ ಸುತ್ತಿದ ಎಲಿ ತಂದು ನಮ್ಮ ತುಳಸಿ ಕಟ್ಟಿ ಹತ್ರ ಇಟ್ಟು, ಅವ್ವನ ಜೋಡಿ ಎರಡು ಮಾತಾಡಿ ಹೋಗ್ತಿದ್ಲು. ಆ ಎರಡು ಮಾತು ಮುಗಿಯೋದರಾಗ ನಮ್ಮ ಅವ್ವನ ಸಾರು ಎರಡು ಸರ್ತಿ ಉಕ್ಕತಿತ್ತು.

ಎಪ್ಪತ್ತರ ದಶಕ ಮುಗೀಲಿಕ್ಕೆ ಬಂದಿತ್ತು, ನಾ ಏಳನೇ ಇಯತ್ತೆ ಓದತಿದ್ದೆ. ಒಂದಿನ ನಿಂಗವ್ವ ಎಲಿ ಇಟ್ಟಾಕಿ ಅಲ್ಲೇ ನಿಂತ್ಲು. ಒಳಗ ಅಪ್ಪ ಸಂಧ್ಯಾವಂದನಿ ಮಾಡ್ತಿದ್ರು, ಮುಗಿಯೋತನಕ ಕಾದ್ಲು.

"ಆಚಾರ್ರ, ರೇಣವ್ವಗ ಐದರಾಗ ಐತ್ರಿ," ಅಂದ್ಲು. ಅಂದ್ರ ಐದು ತಿಂಗಳ ಬಸರಿ. "ಸೀಮಂತದ ಕುಬಸ ಮುಗಿಸಿ ಚೊಚ್ಚಲ ಬಾಣಂತನಕ್ಕ ಕರ್ಕೊಂಡ ಬರಬೇಕ್ರಿ. ಆದ್ರ ಬೀಗತಿ ಒಲ್ಲೆ ಅನ್ನಾಕತ್ತಾಳ. ಹೋದ ಪಂಚಮಿಗೆ ಬಂದಾಗ ಮನ್ಯಾಗ ಮೊಣಕಾಲುದ್ದ ನೀರು ನಿಂತಿತ್ತಲ್ಲರಿ, ಅದನ್ನ ನೋಡ್ಯಾಳ. 'ನೆಲಾ ಒಣಗಿದ್ರ ಕಳಸ್ತೇನಿ, ಇಲ್ಲಂದ್ರ ನಮ್ಮಲ್ಲೇ ಹಡೀಲಿ' ಅಂದಾಳ್ರಿ. ಹಕ್ಕಲದ ನೀರು ಎಲ್ಲಾ ನಮ್ಮ ಮನಿಗೇ ನುಗ್ಗತೈತಿ. ನೀವು ಓದಿದವ್ರು, ಏನಾರ ಮಾಡ್ರಿ."

ಮಗಳ ಮೊದಲನೇ ಬಾಣಂತನ ತವರಾಗ ಆಗಲಿಲ್ಲ ಅಂದ್ರ ಅದೆಂಥಾ ಸಂಕಟ ಅಂತ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಅವ್ವ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಅಪ್ಪ ಜನಿವಾರ ಸರಿ ಮಾಡಿಕೊಂಡ್ರು. ಅವರು ಏನರೆ ದೊಡ್ಡದು ಮಾಡೋ ಮುಂದ ಜನಿವಾರ ಸರಿ ಮಾಡಿಕೊಳ್ತಿದ್ರು, ಆ ಲಕ್ಷಣ ಕಂಡ ಕೂಡ್ಲೆ ನಮ್ಮ ಎದಿ ಢವಗುಟ್ಟತಿತ್ತು.

ನಮ್ಮ ಅಪ್ಪ ಹೈಸ್ಕೂಲಿನ್ಯಾಗ ಸಂಸ್ಕೃತ ಮಾಸ್ತರು. ಓಣಿಯೊಳಗ ಮುಹೂರ್ತದಿಂದ ಹಿಡದು ಮೂಲವ್ಯಾಧಿ ತನಕ ಎಲ್ಲಾದಕ್ಕೂ ಅವರದೇ ಸಲಹಾ. ಮೂರು ದಿನ ಗ್ರಂಥ ತಿರುವಿ ಹಾಕಿ ನಾಕನೇ ದಿನ ಹೊರಗ ಬಂದು ಹೇಳಿದ್ರು: "ತಪ್ಪು ಎಲ್ಲದ ಗೊತ್ತಾತು. ನೀರು ನೈಋತ್ಯಕ್ಕ ಹೊಂಟದ. ನೀರು ಯಾವಾಗಲೂ ಈಶಾನ್ಯಕ್ಕ ಹೋಗಬೇಕು."

ನಿಂಗವ್ವನ ಮನಿ ಇದ್ದದ್ದು ನೈಋತ್ಯಕ್ಕ. ಈಶಾನ್ಯಕ್ಕ ಇದ್ದದ್ದು ನಮ್ಮ ಮನಿ, ಅದರ ಬಾಜೂಕ ಊರ ಗಟಾರ. ಅಲ್ಲಿ ತನಕ ಒಂದು ಕಾಲುವಿ ತೋಡಿಬಿಟ್ರ ಶಾಸ್ತ್ರನೂ ಉಳೀತು, ನಿಂಗವ್ವನೂ ಉಳದ್ಲು.

ನಮ್ಮ ಅಪ್ಪನ ಮಾನಕ್ಕ ಒಂದು ಮಾತು ಹೇಳಬೇಕು. ಅವರು ಹಿಡದ ಈಶಾನ್ಯ ಅಗದೀ ಬರೋಬ್ಬರಿ ಇತ್ತು. ಅಂಗಳದಾಗ ಕೋಲು ನಿಲ್ಲಿಸಿ, ಮುಂಜಾನಿ ನೆರಳು ಸಂಜಿ ನೆರಳು ಅಳದು, ದಿಕ್ಕು ಒಂದು ಕೂದಲೆಳಿಯಷ್ಟೂ ತಪ್ಪಲಾರದಂಗ ತಗದಿದ್ರು. ತಪ್ಪಿದ್ದು ಒಂದೇ: ಹಕ್ಕಲದ ಇಳಿಜಾರು ಆ ಗ್ರಂಥ ಓದಿರಲಿಲ್ಲ.

ಇಬ್ಬರು ಆಳು ಬಂದು ಉದ್ದಕ್ಕ ಒಂದು ಕಾಲುವಿ ತೋಡಿದ್ರು. ನೋಡ್ಲಿಕ್ಕೆ ಚೆಂದ ಇರಲಿ ಅಂತ ಅಪ್ಪ ಸುತ್ತಲಿನ ಗರಕಿನೆಲ್ಲ ಕೆತ್ತಿಸಿಬಿಟ್ರು. ವರ್ಷಾ ಗಣಪತಿಗೆ ಇಪ್ಪತ್ತೊಂದು ಎಸಳು ಎಣಿಸಿ ಏರಿಸೋ ಮನಷಾ, ಅದೇ ಗರಕಿನ "ಕಸ" ಅಂದ್ರು. ಹಕ್ಕಲ ಹೊಸದಾಗಿ ಬೋಳಿಸಿದ ತಲಿಯಂಗ ಕಾಣ್ತಿತ್ತು. ಆಡುಗಳು ಬಂದು ನೋಡಿ ಹೊಳ್ಳಿ ಹೋದ್ವು.

ಸಂಜಿಗೆ ಪರೀಕ್ಷಾ. ಅಪ್ಪ ನನ್ನ ಕೈಯಾಗ ಒಂದು ಕೊಡ ನೀರು ಕೊಟ್ಟು, "ನಾ ಈಶಾನ್ಯದ ತುದಿಗೆ ನಿಂದರತೀನಿ. ನೀ ಈ ತುದಿಯಿಂದ ಬಿಡು. ನೀನ ನನ್ನ ಇಂಜಿನಿಯರ್," ಅಂದ್ರು. ಹುಟ್ಟಿದಾಗಿಂದ ನನಗ "ಕ್ವಾಣಾ" ಬಿಟ್ಟು ಬ್ಯಾರೆ ಹೆಸರಿಟ್ಟು ಕರೀಲಾರದ ಅಪ್ಪ "ಇಂಜಿನಿಯರ್" ಅಂದ ಕೂಡ್ಲೆ ನಾ ಒಂದು ಗೇಣು ಬೆಳದೆ.

ಕೊಡ ಬಗ್ಗಿಸಿದೆ. ನೀರು ನಾಕು ಮಾರು ಛಲೋ ಹೋತು. ಆಮ್ಯಾಲೆ ನಿಂತಿತು. ಒಂಚೂರು ವಿಚಾರ ಮಾಡಿತು. ಸಾವಕಾಶ ಹೊಳ್ಳಿ ನಿಂಗವ್ವನ ಮನಿ ಕಡೆ ಹೊಂಟಿತು.

ಆ ಕಡೆ ಅಪ್ಪ ಚಷ್ಮಾ ತಗದು ಧೋತರದ ಚುಂಗಿಲೆ ಒರಸ್ಲಿಕ್ಕೆ ಹತ್ತಿದ್ರು. ಈ ಕಡೆ ಗೆಳತ್ಯಾರು "ಏ ಬಾರೇ, ನಿನ್ನ ಆಟ ಬಂತು" ಅಂತ ಒದರ್ಲಿಕ್ಕೆ ಹತ್ತಿದ್ರು. ನಾ ಏನು ಮಾಡಿದೆ? ಕಾಲಿಲೆ ನೀರು ದೂಡಿದೆ. ಬರಿಗಾಲು ಅಡ್ಡ ಇಟ್ಟು, ದನ ಹೊಡದಂಗ ಈಶಾನ್ಯಕ್ಕ ಹೊಡದೆ. ಅಷ್ಟಕ್ಕೂ ಬರಲಿಲ್ಲ ಅಂದಾಗ, ನಮ್ಮ ಹಿತ್ತಲದ ಹಂಡೆದಾಗಿನ ಇನ್ನೊಂದು ಕೊಡ ನೀರು ತಂದು ಕಾಲುವಿ ಕಡೀ ಅರ್ಧಕ್ಕ ಸುರುವಿ, "ಬಂತು ಅಪ್ಪಾ, ಬಂತು!" ಅಂತ ಒದರಿದೆ.

ಅಪ್ಪ ಚಷ್ಮಾ ಏರಿಸಿ ನೋಡಿದ್ರು. ನೀರು ಅವರ ಕಾಲ ಹತ್ರ ಬಂದಿತ್ತು. "ಶಾಸ್ತ್ರ ಸುಳ್ಳಾಗೂದಿಲ್ಲ," ಅಂದ್ರು. ಅವತ್ತು ಸವಣೂರ ಖಾರಾದ ದೊಡ್ಡದೊಂದು ಪೊಟ್ಟಣ ನನಗೊಬ್ಬಾಕಿಗೇ ಬಂತು. ಆಗಷ್ಟೇ ಕರದದ್ದು, ಬಿಸಿ ಬಿಸಿ ಇತ್ತು. ಒಬ್ಬಾಕೇ ತಿಂದೆ, ನಾಚಿಕಿ ಇಲ್ಲದಾಕಿ.

ಮುಂದ ಎಂಬತ್ತರ ದಶಕ ಮುಗಿಯೋ ಮುಂದ ನನಗ ಶಿಗ್ಗಾಂವಿಯ ಬ್ಯಾಂಕಿನ್ಯಾಗ ನೌಕರಿ ಹತ್ತಿತು. ಅಲ್ಲಿಂದ ರಜಾಕ್ಕ ಬಂದಾಗ ಒಮ್ಮೆ ಧೈರ್ಯಾ ಮಾಡಿ ಈ ಸಂಗತಿ ಅಪ್ಪನ ಮುಂದ ಹೇಳಿದೆ. ಅವರು ಚಷ್ಮಾ ತಗದು ಒರಸಿ, "ಹಂಗಾರ ಆ ಖಾರಾ ತಿರುಗಿ ಕೊಡು," ಅಂದ್ರು. ಮುಂದಿನ ಪಗಾರಾ ಬಂದಾಗ ಪೊಟ್ಟಣ ಕೊಟ್ಟೆ. ತಗೊಂಡ್ರು ಕೂಡ! ಒಂದು ಕಾಳೂ ಮುಟ್ಟಲಿಕ್ಕೆ ಬಿಡಲಿಲ್ಲ.

ಇರಲಿ, ಕಾಲುವಿ ತೋಡಿದ ಆ ವರ್ಷದ ರೋಹಿಣಿ ಮಳಿ ಬಂತು ನೋಡ್ರಿ, ನಾಕು ಗಂಟೆಕ್ಕ, ಸಾಲಿ ಬಿಡೋ ಹೊತ್ತಿಗೆ. ಕಾಲುವಿ ತುಂಬಿತು. ತುಂಬಿದ್ದು ಮುಂದ ಹೋಗಲಿಲ್ಲ, ಯಾಕಂದ್ರ ಮುಂದ ಏರಿತ್ತು. ಊರ ಗಟಾರ ಉಕ್ಕಿ, ಅದರ ನೀರೇ ಉಲ್ಟಾ ಕಾಲುವಿ ಹಿಡದು ಸ್ವಲ್ಪ ನಮ್ಮ ಪಡಸಾಲಿಗೆ ಬಂತು. ಅಪ್ಪ ಕಾಲಿಗೆ ಹಾಕೋ ಕಟ್ಟಿಗಿ ಆವಿಗಿಗಳು ದೇವರ ಮನಿ ಬಾಗಲಕ್ಕ ತೇಲಿ ಬಂದು ಜೋಡಾಗಿ ನಿಂತ್ವು. ನಾ ನಗ್ಲಿಕ್ಕೆ ಶುರು ಮಾಡಿದೆ. ಅಷ್ಟರಾಗ ಹಕ್ಕಲದ ಆ ತುದಿಯಿಂದ ಧಡಲ್ ಅಂತ ಸಪ್ಪಳ ಬಂತು.

ಮೊದಲು ಹಕ್ಕಲದ ತುಂಬ ಹರವಿ ಬರ್ತಿದ್ದ ನೀರು ಈಗ ಕಾಲುವ್ಯಾಗ ಒಟ್ಟಾಗಿ, ದಂಡಿ ಒಡಕೊಂಡು, ಒಮ್ಮೆಲೆ ನುಗ್ಗಿತ್ತು. ತಡೀಲಿಕ್ಕೆ ಗರಕಿನೂ ಇರಲಿಲ್ಲ. ನಿಂಗವ್ವನ ಹಿಂದಿನ ಗ್ವಾಡಿ ಪೂರಾ ಮಲಗಿಬಿಟ್ಟಿತ್ತು. ಪುಣ್ಯಾಕ್ಕ ಆಕಿ ಮುಂದಿನ ಕಟ್ಟಿ ಮ್ಯಾಲ ಕೂತಿದ್ಲು.

ಅಪ್ಪ ಧೋತರ ಎತ್ತಿಕಟ್ಟಿ ಓಡಿದ್ರು, ಹಿಂದ ಅವ್ವ, ಅವ್ವನ ಹಿಂದ ನಾನು. ನಿಂಗವ್ವ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಕೆಸರಾಗ ನಿಂತು, "ಗ್ವಾಡಿ ಹೋತು, ಹೋಗ್ಲಿ ಬಿಡ್ರಿ. ಬೀಗತಿಗೆ ನಾ ಏನಂತ ಹೇಳ್ಲಿ?" ಅಂದ್ಲು ಅಷ್ಟೇ.

"ನಿಮ್ಮ ಈಶಾನ್ಯ ಆಕಿ ಗ್ವಾಡಿ ನುಂಗಿತು," ಅಂತ ಅವ್ವ ಅಪ್ಪಗ ಅಂದ್ಲು. ಹಂಗ ಅವ್ವ ಎದುರಾಡಿದ್ದು ನಾ ಅದೇ ಮೊದಲು ಕೇಳಿದ್ದು. ಅಪ್ಪ ಅವತ್ತು ಊಟಾ ಮಾಡಲಿಲ್ಲ. ನಾ ಮಾಡಿದೆ. ಎರಡನೇ ಕೊಡದ ಸುದ್ದಿ ನಾಲಗಿ ತುದಿಗೆ ಬಂದು ಬಂದು ಹೊಳ್ಳಿ ಹೋಗ್ತಿತ್ತು. ಬಡಸಿಕೊಳ್ಳೋ ಅಂಜಿಕಿ. ಅದಕ್ಕೂ ಹೆಚ್ಚಿಗೆ, "ಇಂಜಿನಿಯರ್" ಹೋಗಿ ಮತ್ತ "ಕ್ವಾಣಾ" ಆಗೋ ಅಂಜಿಕಿ.

ಮರುದಿನ ಅಪ್ಪ ನಿಂಗವ್ವನ ಮನಿ ಮುಂದ ಹೋಗಿ ನಿಂತ್ರು. ಮೂವತ್ತು ವರ್ಷ ಮಂದಿಗೆ ಕಲಿಸಿದ ಮನಷಾ.

"ನಿಂಗವ್ವ, ನನಗ ಇದು ತಿಳಿಯೂದಿಲ್ಲ. ನೀ ಹೇಳಿಕೊಡು," ಅಂದ್ರು.

ನಿಂಗವ್ವ ಗಾಬರಿ ಆದ್ಲು. "ನಾ ಏನ್ ಹೇಳ್ಲಿರಿ ಆಚಾರ್ರ, ಸಾಲಿ ಮೆಟ್ಟಲಾ ಹತ್ತಲಾರದಾಕಿ."

"ಎಲಿ ತೋಟದಾಗ ನೀರು ಹೆಂಗ ಬಿಡ್ತಿ?"

"ಅಲ್ಲೇನೈತ್ರಿ! ಬಳ್ಳಿ ಬುಡಕ್ಕ ನೀರು ನಿಂತ್ರ ಕೊಳೀತೈತಿ, ಓಡಿ ಹೋದ್ರ ಒಣಗತೈತಿ. ಅದಕ್ಕ ನೀರಿಗೆ ಸಾವಕಾಶ ಮಾಡಸ್ತೇವ್ರಿ." ಆಮ್ಯಾಲೆ ಸ್ವಲ್ಪ ಅಳುಕಿಕೋತ ಹೇಳಿದ್ಲು: "ನೀವು ನೀರನ್ನ ಓಡಸಾಕ ಹೋದ್ರಿ. ಓಡಸಬ್ಯಾಡ್ರಿ, ಕುಂದ್ರಸ್ರಿ. ಮನಿಗೆ ಬಂದ ಬೀಗರನ್ನ ಬಾಗಲದಾಗಿಂದನ ಓಡಿಸಿದ್ರ ಬೈಕೋತ, ಒದಕೋತ ಹೋಗ್ತಾರ. ಚಾಪಿ ಹಾಸಿ ಕುಂದ್ರಿಸಿದ್ರ ತಣ್ಣಗ ಆಗ್ತಾರ."

"ಎಲ್ಲಿ ಕುಂದ್ರಸಬೇಕು?"

"ಅದನ್ನ ಮಳೀನ ಹೇಳ್ತೈತ್ರಿ."

ಮುಂದಿನ ಮಳಿ ಬಂದಾಗ ನಿಂಗವ್ವ ಗೋಣಿಚೀಲದ ಕೊಪ್ಪಿ ತಲಿಮ್ಯಾಲ ಹಾಕ್ಕೊಂಡು, ಬಗಲಾಗ ಒಂದು ಹೊರಿ ಜ್ವಾಳದ ದಂಟು ಹಿಡಕೊಂಡು ಹಕ್ಕಲಕ್ಕ ಇಳದ್ಲು. ನೀರು ಎಲ್ಲೆಲ್ಲಿ ಒಂಚೂರು ತಡೀತದೋ, ಸುತ್ತ ತಿರಗತದೋ, ಅಲ್ಲೊಂದು ದಂಟು ನೆಡೋದು. ಹಿಂದ ಛತ್ರಿ ಹಿಡಕೊಂಡು ಅಪ್ಪ. ಆಕಿ ಬಗ್ಗಿದ್ರ ಅಪ್ಪನೂ ಬಗ್ಗೋದು, ಆಕಿ ನಿಂತ್ರ ಅಪ್ಪನೂ ನಿಂದ್ರೋದು. ಓಣಿ ಮಂದಿ ಕಿಡಕ್ಯಾಗಿಂದ ನೋಡಿ ನಕ್ಕರು. ಹೈಸ್ಕೂಲಿನ ಹುಡುಗರಂತೂ ಒಂದು ವಾರ ಆ ನಡಿಗಿ ಮಾಡಿ ತೋರಿಸಿದ್ರು.

ಮಳಿ ನಿಂತ ಮ್ಯಾಲೆ ಒಂದೊಂದು ದಂಟಿನ ಹತ್ರ ಒಂದೊಂದು ತಗ್ಗು ತೋಡಿದ್ವಿ. ಆಳ ಇಲ್ಲ, ಹಿಟ್ಟು ನಾದೋ ಪರಾತದಂಗ ಅಗಲ. ತಗದ ಮಣ್ಣು ತಗ್ಗಿನ ಕೆಳಗಿನ ಬಾಜೂಕ ಸಣ್ಣ ಒಡ್ಡು. ಒಂದು ತುಂಬಿದ್ರ ಇನ್ನೊಂದಕ್ಕ ಹೋಗಲಿಕ್ಕೆ ಸೊಟ್ಟಾಪಟ್ಟಾ ದಾರಿ. ತಗ್ಗಿನ ತಳಕ್ಕ ಹರಳು, ಒಣ ಎಲಿ. ದಂಡಿಗುಂಟ ಕೆಸವು, ಕಾಬಾಳಿ ಹೂವಿನ ಸಸಿ. ಉಳದ ಜಾಗಕ್ಕೆಲ್ಲ ಮತ್ತ ಗರಕಿ. ಕೆತ್ತಿಸಿದ ಅಪ್ಪನೇ ಕೂತು ನೆಟ್ರು. "ನೀರು ನಿಂತ್ರ ಸೊಳ್ಳಿ-ಗುಂಗಾಡು ಆಗೂದಿಲ್ಲೇನ?" ಅಂತ ಅವ್ವ ಕೇಳಿದ್ಲು. "ಒಪ್ಪತ್ತಿನ್ಯಾಗ ಇಂಗಿ ಹೋಗ್ತೈತ್ರಿ ಬಾಯಾರ, ಗುಂಗಾಡಿಗೆ ತೊಟ್ಟಲಾ ಕಟ್ಟಾಕ ವ್ಯಾಳ್ಯಾ ಎಲ್ಲೈತಿ?" ಅಂತ ನಿಂಗವ್ವ ನಕ್ಕಳು. ಗ್ವಾಡಿನ ಓಣಿ ಮಂದಿ ಎಲ್ಲಾ ಕೂಡಿ ಮತ್ತ ಎಬ್ಬಿಸಿದ್ವಿ. ನಾ ಮಣ್ಣು ತುಳದೆ. ಅಷ್ಟು ಮನಸು ಇಟ್ಟು ನಾ ಯಾವ ಕೆಲಸಾನೂ ಮಾಡಿದಾಕಿ ಅಲ್ಲ, ಅವ್ವಗ ಸಂಶೇನ ಬಂದಿತ್ತು.

ಆರಿದ್ರಾ ಮಳ್ಯಾಗ ಬೀಗತಿ ಬಂದ್ಲು. ಹಿರೇಕೆರೂರಿನಿಂದ ಬಸ್ಸು ಹಿಡದು, ಕೈಯಾಗ ಚೀಲ, ಮಾರಿ ಮ್ಯಾಲ ಸಂಶೇ. ಕುಬಸ ಆಗಿತ್ತು, ಕಳಸೋದೋ ಬ್ಯಾಡೋ ಅಂತ ಕಣ್ಣಿಲೆ ನೋಡಿಕೊಂಡು ಹೋಗಲಿಕ್ಕೆ ಬಂದಿದ್ಲು. ಮಾತಿನಾಕಿ ಅಲ್ಲ. ನಿಂಗವ್ವ ಕೊಟ್ಟ ಚಾ ಬಸೀದಾಗ ಸುರುವಿಕೊಂಡು, ಹಿಂದಿನ ಬಾಗಲದಾಗ ಮೋಡ ನೋಡಿಕೋತ ಕೂತ್ಲು. ಅಪ್ಪ, ಅವ್ವ, ನಾನು ಅದು ಇದು ನೆವಾ ಮಾಡಿ ಅಲ್ಲೇ ಹೋಗಿ ನಿಂತಿದ್ವಿ.

ಮಳಿ ಬಂತು. ಅಂತಿಂಥಾ ಮಳಿ ಅಲ್ಲ, ಎದುರಿನ ಬೇವಿನ ಗಿಡ ಕಾಣಲಾರದಂಗ.

ಮ್ಯಾಲಿನ ತಗ್ಗು ತುಂಬಿತು. ಅದರ ಕೆಳಗಿಂದು ತುಂಬಿತು. ನೀರು ಸೊಟ್ಟಾಪಟ್ಟಾ ದಾರಿಗುಂಟ ಒಂದೊಂದೇ ಮನಿಗೆ ಭೆಟ್ಟಿ ಕೊಟ್ಟಂಗ ಸಾವಕಾಶ ಕೆಳಗ ಇಳೀಲಿಕ್ಕೆ ಹತ್ತಿತು. ಅಪ್ಪನ ತುಟಿ ಅಲುಗಾಡತಿತ್ತು, ಯಾವ ಸ್ತೋತ್ರ ಗೊತ್ತಿಲ್ಲ. ಕಡೀಕ ಉಳದದ್ದು ನಿಂಗವ್ವನ ಗ್ವಾಡಿಗೆ ಹತ್ತಿದ ಒಂದೇ ತಗ್ಗು. ಅದು ತುಂಬಿಕೋತ, ತುಂಬಿಕೋತ, ಒಡ್ಡಿನ ತುಟಿ ತನಕ ಬಂತು. ನಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ಲು. ಬೀಗತಿ ಬಸಿ ಕೆಳಗಿಟ್ಲು.

ನನ್ನ ಕಾಲು ತನ್ನಷ್ಟಕ್ಕ ತಾನ ಎದ್ದಿತು. ಬಾಗಲದಾಗಿಂದ ಒಂದು ಹೆಜ್ಜಿ ಇಟ್ಟು, ಅಡ್ಡ ಹಿಡದು, ಆ ನೀರನ್ನ ಒಂಚೂರು ಆ ಕಡೆ ದೂಡಿಬಿಟ್ರ ಆತಲ್ಲ.

"ತಂಗಿ," ಅಂದ್ಲು ನಿಂಗವ್ವ, ನನ್ನ ಕಡೆ ನೋಡಲಾರದ, ಮೆಲ್ಲಕ. "ಈ ಸರ್ತಿ ಕಾಲು ಹಿಂದ ತಗೊಂಡ ನಿಂದ್ರವ್ವ."

ನನ್ನ ಮೈಯಾಗಿನ ನೀರು ಇಳದು ಹೋತು. ಈ ಸರ್ತಿ ಅಂದ್ಲು. ಅಂದ್ರ ಆ ಸರ್ತಿದು ಆಕಿಗೆ ಗೊತ್ತಿತ್ತು! ಕಾಲು ಹಿಂದ ತಗದೆ. ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ. ಆ ಗ್ವಾಡಿ ಒಳಗಿನ ಮಣ್ಣು ನಾ ತುಳದದ್ದೇ ಇತ್ತು.

ನೀರು ಒಡ್ಡಿನ ತುಟಿಗೆ ಬಂದು ಅಲ್ಲೇ ಕೂತಿತು. ಮಳಿ ಸಣ್ಣ ಆತು, ಆಮ್ಯಾಲೆ ನಿಂತಿತು. ನೋಡ್ತಾ ನೋಡ್ತಾ ತಗ್ಗಿನ ನೀರು ಒಂದು ಬಟ್ಟು ಇಳೀತು, ಮತ್ತೊಂದು ಬಟ್ಟು ಇಳೀತು. ಬೀಗತಿ ಎದ್ದು ಮನಿ ಒಳಗ ಮೂಲಿ ಮೂಲಿಗೆ ಹೋಗಿ, ಬಗ್ಗಿ, ಅಂಗೈ ನೆಲಕ್ಕ ಒತ್ತಿ ನೋಡಿದ್ಲು. ಹೊರಗ ಬಂದು, "ಐತವಾರ ಕಳಸ್ತೇನಿ. ಶೇಗಡಿಗೆ ಕೆಂಡಾ ತಯಾರ ಇಟ್ಕೋರಿ," ಅಂದ್ಲು. ಅಪ್ಪ ಜನಿವಾರ ಸರಿ ಮಾಡಿಕೊಳ್ಳಿಕ್ಕೆ ಕೈ ಎತ್ತಿದವರು, ಯಾಕೋ ಅರ್ಧಕ್ಕ ಇಳಿಸಿದ್ರು.

ಮರು ಬ್ಯಾಸಗ್ಯಾಗ ಓಣಿ ಬಾವಿಗೆ ಹಗ್ಗ ಎರಡು ಮೊಳ ಕಡಿಮಿ ಹತ್ತಿತು. ಹಕ್ಕಲದಾಗ ಇಂಗಿದ್ದು ಬಾವಿಗೆ ಬಂದಿತ್ತು. ಎಲ್ಲಾರ ಅಂಗಳಾ ತೊಳದು ಬಂದ ನೀರು ಮಡಿಗೆ ಹೆಂಗ ನಡೀತದ ಅಂತ ಅವ್ವಗ ಹೊಸಾ ಚಿಂತಿ. ಅಪ್ಪ ಗ್ರಂಥ ತಗೀಲಿಲ್ಲ. "ನೆಲಾ ಸೋಸಿ ಕೊಟ್ಟದ, ಅದಕಿಂತಾ ಮಡಿ ಇನ್ನ್ಯಾವುದು?" ಅಂತ ತಂಬಿಗಿ ಎತ್ತಿ ಗಟಗಟ ಕುಡದ್ರು. ಆದ್ರ ನಾ ಹೇಳಬೇಕಂದದ್ದು ಬಾವಿ ಕತಿ ಅಲ್ಲ.

ಶ್ರಾವಣದಾಗ ರೇಣವ್ವ ಹಡದ್ಲು. ಹೆಣ್ಣು ಕೂಸು. ಹದಿನೈದು ದಿನ ಆದ ಮ್ಯಾಲೆ ಅವ್ವ ಬಾಣಂತಿಗೆ ಅಂತ ಅಂಟಿನುಂಡಿ ಕಟ್ಟಿ ನನ್ನ ಕೈಯಾಗ ಕೊಟ್ಟು ಕಳಿಸಿದ್ಲು. ಹೊರಗ ಧೋ ಅಂತ ಮಳಿ. ಒಳಗ ಶೇಗಡಿ ಕಾವು, ಲೋಬಾನದ ಹೊಗಿ, ಒಣಾ ನೆಲಾ. ನಿಂಗವ್ವ ನನ್ನನ್ನ ಚಾಪಿ ಮ್ಯಾಲ ಕಾಲು ಮಡಿಚಿ ಕುಂದ್ರಿಸಿ, ತೊಡಿ ಮ್ಯಾಲ ಕೂಸು ಇಟ್ಲು.

"ನಿಂಗವ್ವ," ಅಂದೆ. "ಅವತ್ತು ನಾ ನೀರು ದೂಡಿದ್ದು ನಿಂಗ ಹೆಂಗ ಗೊತ್ತು?"

"ತ್ವಾಟದಿಂದ ಬರೂ ಮುಂದ ಕಂಡ್ನಿ. ಆಟ ಆಡಾಕತ್ತಿ ಅಂತ ತಿಳಕೊಂಡ್ನಿ. ಗ್ವಾಡಿ ಬಿದ್ದ ಮ್ಯಾಲ ತಿಳೀತು."

"ಮತ್ತ ಅಪ್ಪನ ಮುಂದ ಯಾಕ ಹೇಳಲಿಲ್ಲ?"

"ಹೇಳಿ? ಆಚಾರ್ರು ನಿನ್ನ ಬಡಿದಿದ್ರ ನನ್ನ ಗ್ವಾಡಿ ಎದ್ದು ನಿಂದರತಿತ್ತೇನ?" ಶೇಗಡಿ ಕೆಂಡಾ ಕೆದರಿಕೋತ ಹೇಳಿದ್ಲು. "ಮಣ್ಣು ತುಳಿಯೂ ಮುಂದ ನಿನ್ನ ಮಾರಿ ನೋಡಿದ್ನಿ. ಸಾಕಾತು ನನಗ."

ನನಗ ಅಳು ತಡೀಲಿಕ್ಕಾಗಲಿಲ್ಲ. ಸಣ್ಣ ಹುಡುಗಿಯಂಗ, ಅಂದ್ರ ನಾ ಇದ್ದದ್ದೂ ಸಣ್ಣ ಹುಡುಗೀನ, ಹೋ ಅಂತ ಅತ್ತೆ. ಅಷ್ಟರಾಗ ತೊಡಿ ಮ್ಯಾಲ ಬೆಚ್ಚಗಾತು. ಕೂಸು ತನ್ನ ಮಳಿ ಸುರಿಸಿಬಿಟ್ಟಿತ್ತು. ನನ್ನ ಹೊಸಾ ಲಂಗ ಪೂರಾ ತೊಯ್ದು ಹೋತು. ಬಾಣಂತಿ ಒಳಗಿಂದ "ಅಯ್ಯ, ತಗೀಬೇ ಅವ್ವಾ, ಆ ಹುಡುಗಿ ಲಂಗಾ!" ಅಂತ ಒದರಿದ್ಲು.

ನಿಂಗವ್ವ ಕೂಸು ಎತ್ತಲಿಲ್ಲ. ನನ್ನ ಮಾರಿ ನೋಡಿದ್ಲು, ಬಿದ್ದು ಬಿದ್ದು ನಕ್ಕಳು. "ಇರ್ಲಿ ಬಿಡಬೇ. ಬಂದ ನೀರು ಕುಂತೈತಿ. ಇಂಗ್ಲಿ."

ನಾನೂ ಅಳೂದರಾಗ ನಕ್ಕೆ. ಕಾಲು ಜೋಮು ಹಿಡದಿದ್ವು. ಆದ್ರೂ ಆ ಕೂಸಿನ ಕೆಲಸಾ ಪೂರಾ ಮುಗಿಯೋತನಕ ನಾ ಕಾಲು ಅಲುಗಾಡಸಲಿಲ್ಲ.